ಒಂದು ನದಿಗೆ ಒಂದೇ ಕೋಟು

"ಈ ಕರಡಿಗೆ ಬಟ್ಟಲು ಯಾವನೋ ಕೊಟ್ಟಿದ್ದು? ಇವನು ಮೂತಿ ಅದ್ದಿದ್ರೆ ಆಮೇಲೆ ಪೀಪಾಯಿನೇ ಸಮುದ್ರಕ್ಕೆ ಚೆಲ್ಬೇಕಾಗ್ತದೆ!"

ಕುರಾಮೊಚಿ ಧಣಿ ಹೀಗೆ ಅಂದದ್ದು ಇಕೊರಾನನಿಗೆ. ಗುಟ್ಟಾಗಿ ಅಂದದ್ದಲ್ಲ. ನದಿ ಸಮುದ್ರ ಸೇರುವ ಕಡೆ, ಉಪ್ಪಿನ ಕೊಟ್ಟಿಗೆಯ ಮುಂದೆ, ಬಲೆ ಎಳೆಯುವ ಅಷ್ಟೂ ಆಳುಗಳ ಎದುರಿಗೆ. ಮೇಲೆ ಎಜೊ ದೇಶದ ನಕ್ಷತ್ರದ ಬಾವುಟ ಪಟಪಟ ಅನ್ನುತ್ತಿತ್ತು. ಸ್ವಾತಂತ್ರ್ಯದ ದಿನ. ಆ ದಿನ ಆಳಿಗೊಂದು ಬಟ್ಟಲು ಅಕ್ಕಿ ಹೆಂಡ. ಇಕೊರಾನ್ ಎಲ್ಲರ ಹಾಗೆ ಸಾಲಿನಲ್ಲಿ ನಿಂತಿದ್ದ. ಎಲ್ಲರ ಹಾಗೆ ಕೈ ಚಾಚಿದ್ದ. ಹೊಸದಾಗಿ ಬಂದಿದ್ದ ಆಳೊಬ್ಬ ತಿಳಿಯದೆ ಬಟ್ಟಲು ಕೊಟ್ಟುಬಿಟ್ಟಿದ್ದ. ಧಣಿ ಕೋಲಿನ ತುದಿಯಿಂದ ಅದನ್ನು ತಟ್ಟಿ ಬೀಳಿಸಿದ. ಹೆಂಡವನ್ನು ಮರಳು ಕುಡಿಯಿತು.

"ಇದು ಪ್ರಜೆಗಳ ಹೆಂಡ ಕಣೋ. ನೀನು ಪ್ರಜೆಯಾ? ನೀನು ಹಳೇ ನೆಲದವನು. ನೆಲ ಹೊಸದಾಯ್ತು. ನೀನು ಹಳೇದಾಗೇ ಉಳ್ಕೊಂಡೆ. ಅದಕ್ಕೆ ನಾನೇನು ಮಾಡ್ಲಿ?"

ನಗು ಬಿತ್ತು. ದಕ್ಷಿಣದ ದ್ವೀಪಗಳಿಂದ ಹೊಟ್ಟೆಪಾಡಿಗೆ ಬಂದವರು ನಕ್ಕರು. ಹೋದ ವರ್ಷ ಬಂದವರೂ ನಕ್ಕರು. ಬಂದ ವರ್ಷವೇ ಅವರು ಪ್ರಜೆಗಳಾಗಿದ್ದರು.

"ಸಾನ್ಕುರ್! ನೀನು ಬಾರೋ. ನೀನಾದ್ರೂ ಗಡ್ಡ ಬೋಳಿಸ್ಕೊಂಡು ಮನುಷ್ಯನ ಹಾಗೆ ಕಾಣ್ತೀಯ."

ಸಾನ್ಕುರ್ ಮುಂದೆ ಬಂದ. ನೀಲಿ ಕೋಟು. ಹಿತ್ತಾಳೆ ಗುಂಡಿ. ಹೆಗಲಿಗೆ ಬಂದೂಕು. ಬೋಳಿಸಿದ ಗದ್ದ ಚಳಿಗೆ ಹಸಿರುಗಟ್ಟಿತ್ತು. ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಈ ನೆಲದ ಮೂಲದವರಾದ ಐನುಗಳಲ್ಲಿ ಗಂಡಸು ಹೆಂಡ ಕುಡಿಯುವ ಮೊದಲು ಕೆತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಒಲೆಯ ದೇವತೆ ಬೆಂಕಿಯಜ್ಜಿಗೆ ಎರಡು ಹನಿ, ಹೊಳೆಗೆ ಎರಡು ಹನಿ ಕೊಡಬೇಕು. ಆಮೇಲೆ ತನ್ನ ಬಾಯಿ. ಸಾನ್ಕುರ್ ಕಡ್ಡಿ ತೆಗೆಯಲಿಲ್ಲ. ಹನಿ ಬಿಡಲಿಲ್ಲ. ಗಟಗಟ ಕುಡಿದ. ಅವನ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು.

ಧಣಿಯ ಮಾತಿಗೆ ಇಕೊರಾನನ ಮೈ ಉರಿದಿರಲಿಲ್ಲ. ಧಣಿ ಹಾಗೆ ಅನ್ನದಿದ್ದರೇ ಆಶ್ಚರ್ಯ. ಮೈ ಉರಿದದ್ದು ಆ ಗಂಟಲ ಗಂಟು ನೋಡಿ. ಅದು ಇನ್ನೊಂದು ಸಲ ಮೇಲೆ ಹೋಗಿ ಬಂತು. ಅಲ್ಲೇ ಅದನ್ನು ಹಿಡಿದು ಹಿಚುಕಬೇಕು ಅನ್ನಿಸಿತು.

ಇಬ್ಬರೂ ಒಂದೇ ಮೊಲೆ ಕುಡಿದು ಬೆಳೆದವರು. ಸಿಡುಬು ಬಂದ ವರ್ಷ ಸಾನ್ಕುರನ ತಾಯಿ ಸತ್ತಳು. ಇಕೊರಾನನ ಅವ್ವ ಆ ಕೂಸನ್ನು ಎತ್ತಿಕೊಂಡು ಬಂದು ಎಡಗಡೆಗೆ ಹಾಕಿಕೊಂಡಳು. ಬಲಗಡೆ ಇಕೊರಾನ್. ಎಡಗಡೆ ಹಾಲು ಜಾಸ್ತಿ ಎಂದು ಹಟ್ಟಿಯ ಹೆಂಗಸರು ಆಗಲೇ ನಗುತ್ತಿದ್ದರಂತೆ.

ಆ ಹುಡುಗರು ನಡೆಯಲು ಕಲಿಯುವ ಹೊತ್ತಿಗೆ ಕತ್ತಿಯವರು ಬಂದರು. ದಕ್ಷಿಣದ ಯುದ್ಧದಲ್ಲಿ ಸೋತು, ಹಡಗು ಹತ್ತಿ ಓಡಿ ಬಂದವರು. ಹಿಂದೆಯೇ ಅವರನ್ನು ಸೋಲಿಸಿದ ಚಕ್ರವರ್ತಿಯ ಸೈನ್ಯ. ಆ ಚಳಿಗಾಲ ಕತ್ತಿಯವರಿಗೆ ದಾರಿ ತೋರಿಸಿದವರು ಯಾರು? ಐನುಗಳು. ಮದ್ದುಗುಂಡು ಹೊತ್ತವರು ಯಾರು? ಐನುಗಳು. ಹಣೆಗೆ ಪಟ್ಟಿ ಕಟ್ಟಿ, ಬೆನ್ನಿಗೆ ಹೇರಿಕೊಂಡು, ಸೊಂಟದವರೆಗಿನ ಹಿಮದಲ್ಲಿ ಹೊತ್ತರು. ಕಾಲಿಗೆ ಗುಂಡು ಬಿದ್ದ ದಳಪತಿಯೊಬ್ಬನನ್ನು ಇಕೊರಾನನ ಅಪ್ಪ ಬೆನ್ನ ಮೇಲೆ ಕೂರಿಸಿಕೊಂಡು ಕಣಿವೆ ದಾಟಿಸಿದ. "ಗೆದ್ದರೆ ಈ ಹೊಳೆ ನಿಮ್ಮದೇ" ಎಂದು ದಳಪತಿ ದಾರಿಯುದ್ದಕ್ಕೂ ಅಪ್ಪನ ಕಿವಿಯಲ್ಲಿ ಹೇಳಿದನಂತೆ. ಅವರು ಗೆದ್ದರು. ಚಕ್ರವರ್ತಿಯ ಹಡಗುಗಳು ಬಿರುಗಾಳಿಗೆ ಒಡೆದವು. ಎಜೊ ಬೇರೆ ದೇಶವಾಯಿತು. ಅಪ್ಪನ ಪಾದ ಕಪ್ಪಾಯಿತು, ಆಮೇಲೆ ಮೊಣಕಾಲು ಕಪ್ಪಾಯಿತು, ವಸಂತ ಬರುವಷ್ಟರಲ್ಲಿ ಸತ್ತ.

ರಾಜಧಾನಿ ಹಕೊದಾತೆಯಲ್ಲಿ ಈಗ ಆ ದಳಪತಿಯ ಪ್ರತಿಮೆ ಇದೆ. ಕುದುರೆಯ ಮೇಲೆ ಕೂತಿದ್ದಾನೆ. ಆ ಕಣಿವೆಗೆ ಯಾವ ಕುದುರೆಯೂ ಹೋಗಿರಲಿಲ್ಲ.

ಹೊಳೆ ಎಜೊ ಗಣರಾಜ್ಯದ್ದಾಯಿತು. ಗಣರಾಜ್ಯ ಅದನ್ನು ಕುರಾಮೊಚಿಗೆ ಗುತ್ತಿಗೆ ಕೊಟ್ಟಿತು. ಶರತ್ಕಾಲದಲ್ಲಿ ಸಮುದ್ರದಿಂದ ಹತ್ತಿ ಬರುವ ಸಾಲ್ಮನ್ ಮೀನನ್ನು ಐನುಗಳು ದೇವರ ಮೀನು ಅನ್ನುತ್ತಾರೆ. ಅದನ್ನು ಈಗ ಐನು ಹಿಡಿದರೆ ಕಳ್ಳ. ಆದರೆ ಗಣರಾಜ್ಯಕ್ಕೆ ಕರುಣೆ ಇದೆ. ಒಂದು ನದಿಗೆ ಹಳೇ ನೆಲದವನೊಬ್ಬನನ್ನು ಕಾವಲಿಗೆ ಇಡುತ್ತದೆ. ಅವನಿಗೊಂದು ಕೋಟು, ಒಂದು ಬಂದೂಕು. ಅವನ ಒಲೆಗೆ, ಅವನದೊಂದೇ ಒಲೆಗೆ, ಚಳಿಗಾಲಕ್ಕಾಗುವಷ್ಟು ಮೀನು. ಉಳಿದ ಒಲೆಗಳು ಬೇರು ಬೇಯಿಸಿಕೊಳ್ಳಬೇಕು. ಉಳಿದವರು ತಮ್ಮವನೇ ಹಿಡಿದ ಬಂದೂಕಿನ ಮೂತಿ ನೋಡುತ್ತಾ ಹೊಳೆ ದಾಟಬೇಕು.

ಆ ಕೋಟು ಸಾನ್ಕುರನಿಗೆ ಸಿಕ್ಕಿ ಎರಡನೇ ಶರತ್ಕಾಲ ಇದು. ಇಕೊರಾನ್ ಅವನಿಗಿಂತ ಎತ್ತರ. ಅವನಿಗಿಂತ ಹೆಚ್ಚು ಹೊರುತ್ತಾನೆ. ಕೋಟಿನ ತೋಳು ಸಾನ್ಕುರನ ಬೆರಳು ಮುಚ್ಚುತ್ತಿತ್ತು. ತನಗೆ ಸರಿಯಾಗಿ ಮಣಿಕಟ್ಟಿಗೆ ಬರುತ್ತದೆ ಎಂದು ಇಕೊರಾನ್ ದೂರದಿಂದಲೇ ಅಳೆದಿಟ್ಟುಕೊಂಡಿದ್ದ.

*

ಹೆಂಡ ಮುಗಿಯಿತು. ಕೆಲಸಕ್ಕೆ ರಜೆ ಇರಲಿಲ್ಲ.

ಇಕೊರಾನನ ಕೆಲಸ ಉಪ್ಪು ಹೊರುವುದು. ಹಡಗಿನಿಂದ ಕೊಟ್ಟಿಗೆಗೆ. ಮೂಟೆಯ ಹಗ್ಗ ಹಣೆಪಟ್ಟಿಗೆ ಬರುತ್ತದೆ. ಕತ್ತು ಮುಂದೆ ಬಾಗುತ್ತದೆ. ಕಣ್ಣಿಗೆ ತನ್ನ ಕಾಲು ಮಾತ್ರ ಕಾಣುತ್ತದೆ. ಬೆವರಿಗೆ ಉಪ್ಪು ಕರಗಿ ಬೆನ್ನಿನ ಹಳೆ ಗಾಯಗಳಿಗೆ ಇಳಿಯುತ್ತದೆ. ಅವನ ಹಣೆಯಲ್ಲಿ ಬೆರಳು ಹೂಳುವಷ್ಟು ಗೆರೆ ಬಿದ್ದಿತ್ತು. ಗಡ್ಡ ಬೋಳಿಸಬಹುದು. ಆ ಗೆರೆ ಬೋಳಿಸಲಾಗದು.

ಕೊಟ್ಟಿಗೆಯೊಳಗೆ ಹೆಂಗಸರು ಮೀನಿನ ಹೊಟ್ಟೆ ಸೀಳುತ್ತಿದ್ದರು. ಮೀನು ಬೆಟ್ಟದ ಹಾಗೆ ಬಿದ್ದಿತ್ತು. ಅದರಲ್ಲಿ ಒಂದು ತಲೆಯನ್ನೂ ಮನೆಗೆ ಒಯ್ಯುವ ಹಾಗಿಲ್ಲ. ತಲೆಗಳನ್ನು ಕುದಿಸಿ ದಕ್ಷಿಣದ ಹೊಲಗಳಿಗೆ ಗೊಬ್ಬರ ಮಾಡುತ್ತಾರೆ. ಸಂಜೆ ಬಾಗಿಲಲ್ಲಿ ಧಣಿಯ ಆಳೊಬ್ಬ ಬಾಯಿ ತೆರೆಸಿ ಮೂಸಿ ನೋಡುತ್ತಾನೆ. ಗಂಡಸರ ಗಡ್ಡದೊಳಗೆ ಬೆರಳಾಡಿಸಿ ಮೀನುಮೊಟ್ಟೆ ಅಂಟಿದೆಯಾ ಎಂದು ಹುಡುಕುತ್ತಾನೆ.

"ಏನೋ ಇಕೊರಾನ್, ಉಪ್ಪು ಹೊತ್ಕೊಂಡು ಬಂದ್ಯೋ, ಹೊಟ್ಟೆಕಿಚ್ಚು ಹೊತ್ಕೊಂಡು ಬಂದ್ಯೋ?"

ಸುತ್ರೆ. ಅವಳ ಕೈ ಮೀನಿನ ಹೊಟ್ಟೆಯೊಳಗಿತ್ತು, ಕಣ್ಣು ಇವನ ಮೇಲಿತ್ತು.

"ಬಾಯಿ ಮುಚ್ಕೊಂಡು ಕೆಲಸ ಮಾಡೆ."

"ಅರ್ಧ ಬಾಯಿ ಮುಚ್ಕೋತೀನಿ. ಇನ್ನರ್ಧ ಸರ್ಕಾರದ್ದು."

ಹೆಂಗಸರೆಲ್ಲ ಕಿಸಕ್ಕೆಂದರು. ಐನು ಹುಡುಗಿಯ ತುಟಿಗೆ ಎಳವೆಯಿಂದಲೇ ಮಸಿ ಹಚ್ಚೆ ಚುಚ್ಚುತ್ತಾರೆ. ಒಂದೇ ಸಲಕ್ಕೆ ಅಲ್ಲ. ನೋವು ತಾಳುವಷ್ಟು ತಾಳಿ, ವರ್ಷ ಬಿಟ್ಟು ವರ್ಷ. ಸುತ್ರೆಯ ಮೇಲ್ದುಟಿ ಮುಗಿದಿತ್ತು. ಅಷ್ಟರಲ್ಲಿ ಹಚ್ಚೆ ಅನಾಗರಿಕ ಎಂದು ಕಾನೂನು ಬಂತು. ಕೆಳದುಟಿ ಬರಿದಾಗಿ ಉಳಿಯಿತು. ಹಟ್ಟಿಯ ಹಳಬರಿಗೆ ಅವಳು ಮುಗಿಯದ ಹೆಂಗಸು. ವಲಸೆ ಬಂದವರಿಗೆ ನೋಡಿ ನಗುವ ಮೂತಿ. ಅವಳು ಮಾತ್ರ ಆ ಬಾಯಿಂದಲೇ ಎಲ್ಲರನ್ನೂ ಸುಡುತ್ತಿದ್ದಳು.

"ನಿನ್ನ ತಮ್ಮ ನಿನ್ನೆ ನನ್ನ ಕೇಳ್ದ" ಅಂದಳು.

ಇಕೊರಾನ್ ಮೂಟೆ ಇಳಿಸದೆ ನಿಂತ. "ಏನಂತ?"

"ಕಾವಲು ಗುಡಿಸಲು ಬೆಚ್ಚಗಿದೆ, ಮೀನಿದೆ, ಬರ್ತೀಯಾ ಅಂತ."

"ನೀನೇನಂದೆ?"

"ಬಂದೂಕಿನ ಜೊತೆ ಮಲಗಿ ಅಭ್ಯಾಸ ಆಗಿರೋನಿಗೆ ನಾನ್ಯಾಕಪ್ಪಾ ಅಂದೆ."

ಮತ್ತೆ ನಗು. ಇಕೊರಾನ್ ನಗಲಿಲ್ಲ. ಅವಳು ಹೋಗುವುದಿಲ್ಲ ಅಂದದ್ದು ಅವನ ಕಿವಿಗೆ ಬೀಳಲೇ ಇಲ್ಲ. ಸಾನ್ಕುರ್ ಕೇಳಿದ ಅನ್ನುವುದು ಮಾತ್ರ ಬಿತ್ತು. ಕೇಳುವ ಧೈರ್ಯ ಅವನಿಗೆ ಬಂದದ್ದು ಎಲ್ಲಿಂದ? ಕೋಟಿನಿಂದ. ಇವನಿಗೂ ಕೇಳಬೇಕು ಅಂತ ಎಷ್ಟು ಚಳಿಗಾಲದಿಂದ ಇತ್ತು. ಏನಿದೆ ಅಂತ ಕೇಳುವುದು? ಬಾ, ನನ್ನ ಹಣೆಯ ಗೆರೆ ನೋಡು ಅಂತಲಾ?

"ಕೂತ್ಕೊಂಡು ಕೊರಗು ಬೇಕಾದ್ರೆ" ಅಂದಳು ಸುತ್ರೆ, ಈ ಸಲ ಮೆಲ್ಲಗೆ. "ನಿಂತ್ಕೊಂಡು ಕೊರಗಿದ್ರೆ ಬೆನ್ನು ಮುರಿಯತ್ತೆ."

*

ಸಂಜೆ ಮನೆಯ ಚಾಪೆ ಬಾಗಿಲು ಎತ್ತುತ್ತಲೇ ವಾಸನೆ ಬಂತು. ಮೀನು ಸಾರು. ಅವ್ವ ಒಲೆಯ ಎಡಕ್ಕೆ ಕೂತು ಮರದ ಸೌಟಿನಲ್ಲಿ ತಿರುವುತ್ತಿದ್ದಳು.

"ಸಾನ್ಕುರ್ ಇಟ್ಟು ಹೋದ. ಕೂತ್ಕೋ, ಬಿಸಿ ಇದೆ."

ಇಕೊರಾನ್ ಕೂತ. ಬೇಡ ಅನ್ನಬೇಕೆಂದು ಬಾಯಿ ತೆರೆದ. ಹೊಟ್ಟೆ ಬಿಡಲಿಲ್ಲ. ಉಂಡ. ರುಚಿಯಾಗಿತ್ತು. ಅದೇ ಅವಮಾನ. ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಪಕ್ಕದಲ್ಲಿ ಮೀನಿನ ತಲೆ ಇಟ್ಟಿತ್ತು. ನೆತ್ತಿಯ ಮೇಲೆ ಒಂದೇ ಒಂದು ಪೆಟ್ಟು. ಹೊಳೆದಡದ ವಿಲೋ ಮರದ ಹಸಿ ಕೋಲಿನ ಪೆಟ್ಟು, ಹೊಡೆಯಬೇಕಾದ ಹಾಗೆ. ಧಣಿಯ ಎದುರಿಗೆ ಹನಿ ಬಿಡದೆ ಹೆಂಡ ಕುಡಿದವನು ಕತ್ತಲಲ್ಲಿ ಮೀನನ್ನು ಮರ್ಯಾದೆಯಿಂದ ಕೊಂದಿದ್ದ.

"ಎಷ್ಟು ಸಲ ತಂದುಕೊಟ್ಟಿದ್ದಾನೆ?"

"ಹೋದ ವರ್ಷಾನೂ ತಂದಿದ್ದ."

"ನಾನು ತಿಂದಿದ್ದೆಲ್ಲ ಅವನದ್ದೇನಾ? ಒಣಮೀನು ಹಳೇದು ಅಂತಿದ್ಯಲ್ಲ?"

"ಸತ್ಯ ಹೇಳಿದ್ರೆ ನೀನು ತಿಂತಿದ್ಯಾ?" ಅವ್ವ ಸೌಟು ಕೆಳಗಿಟ್ಟಳು. "ಅವನ ಒಲೆಗೆ ಅಂತ ಕೊಟ್ಟಿದ್ದನ್ನ ಇಲ್ಲಿಗೆ ತಂದ್ರೆ ಅವನ ಬೆನ್ನಿನ ಚರ್ಮ ಸುಲೀತಾರೆ. ಆದ್ರೂ ತರ್ತಾನೆ."

"ನಾನು ಅಷ್ಟು ಮೀನು ನೋಡ್ತೀನಿ ದಿನಾ. ಒಂದು ತಂದಿಲ್ಲ ನಿನಗೆ. ಅದನ್ನೇ ತಾನೆ ಹೇಳ್ತಿರೋದು?"

"ನಾನೆಲ್ಲಪ್ಪಾ ಹಾಗಂದೆ?"

"ಅನ್ನೋದೇನು ಬೇಡ. ಎಡಗಡೆಗೆ ಹಾಲು ಜಾಸ್ತಿ."

ಅವ್ವ ಅವನನ್ನೇ ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿ, ಬೆಂಕಿಯಜ್ಜಿಗೆ ಕೇಳುವ ಹಾಗೆ, "ಗಡ್ಡ ಬಂದಿದೆ, ಬುದ್ಧಿ ಬಂದಿಲ್ಲ" ಅಂದಳು.

ಮಾರನೇ ದಿನ ಕೆಲಸ ಬಿಟ್ಟ ಮೇಲೆ ಇಕೊರಾನ್ ಧಣಿಯ ಮನೆಗೆ ಹೋದ. ಜಗಲಿಯ ಕೆಳಗೆ ಮಂಡಿಯೂರಿ ಕೂತ. ಕುರಾಮೊಚಿ ಬಿಸಿನೀರಲ್ಲಿ ಕಾಲಿಟ್ಟುಕೊಂಡಿದ್ದ.

"ಏನು ಬೇಕಿತ್ತು ಕರಡಿಗೆ?"

"ಕಾವಲಿನ ಕೆಲಸ ನನಗೆ ಕೊಡಿ ಧಣಿ. ನಾನು ಅವನಿಗಿಂತ ಗಟ್ಟಿ."

ಕುರಾಮೊಚಿಗೆ ಖುಷಿಯಾಯಿತು. ಅದು ಅವನ ಮುಖದಲ್ಲಿ ಕಂಡಿತು. ಒಂದೇ ಎಲುಬಿಗೆ ಎರಡನೇ ನಾಯಿ ಬಂದಾಗ ಆಗುವ ಖುಷಿ.

"ಒಂದು ನದಿಗೆ ಒಂದೇ ಕೋಟು ಕಣೋ. ಅದರೊಳಗೆ ಈಗ ಒಬ್ಬ ಇದ್ದಾನೆ. ಅವನು ಹೊರಗೆ ಬರಬೇಕಲ್ಲ ಮೊದಲು?" ಕಾಲು ನೀರಿನಿಂದ ತೆಗೆದು ಒರೆಸಿಕೊಂಡ. "ಅವನಿಗೆ ಕೊಟ್ಟ ಮೀನು ಅವನ ಒಲೆಗೇ ಹೋಗ್ತದಾ? ಇಲ್ಲಾ ಬೇರೆ ಕಡೆ ಹೋಗ್ತದಾ? ನಿನಗೆ ಗೊತ್ತಿರಬೇಕು."

ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಗಡ್ಡದಲ್ಲಿ ಇನ್ನೂ ನಿನ್ನೆಯ ಸಾರಿನ ವಾಸನೆ ಇತ್ತು. ಒಂದು ಮಾತು. ಆದರೆ ಆ ಮಾತು ಹೇಳಿದರೆ ಅವ್ವನ ಒಲೆಯ ಹೆಸರು ಬರುತ್ತದೆ. ಅವನನ್ನು ತಡೆದದ್ದು ಅದೊಂದೇ. ತಮ್ಮನ ಮೇಲಿನ ಪ್ರೀತಿಯಲ್ಲ.

"ನೋಡ್ತೀನಿ ಧಣಿ" ಅಂದ.

"ನೋಡು. ನೋಡಿ ಬಂದು ಹೇಳು."

ದಾರಿಯುದ್ದಕ್ಕೂ ಉಗುಳುತ್ತಾ ಬಂದ. ಬಾಯಿ ಶುದ್ಧವಾಗಲಿಲ್ಲ.

*

ಮಾರನೇ ದಿನ ನಸುಕಿನಲ್ಲಿ ಇಕೊರಾನ್ ಸೂರಿನಿಂದ ಅಪ್ಪನ ಕೊಕ್ಕೆ ಈಟಿ ಎಳೆದ. ತಾನೂ ಒಂದು ಮೀನು ತರಬೇಕು. ಕೇಳಿ ಪಡೆದದ್ದಲ್ಲ, ಕೋಟು ಕೊಟ್ಟದ್ದಲ್ಲ. ಹಿಡಿದು ತಂದದ್ದು. ಅವ್ವ ಅದನ್ನು ತಿರುವಿ ನೋಡಿ ಇವನ ಹೆಸರು ಹೇಳಬೇಕು. ಅಷ್ಟೇ ಅವನಿಗೆ ಬೇಕಾಗಿದ್ದುದು.

ಕಾವಲು ಗುಡಿಸಲಿನ ಕೆಳಗೆ ಹೊಳೆ ಬಾಗುವಲ್ಲಿ ನೀರು ತೆಳ್ಳಗೆ ಹರಿಯುತ್ತದೆ. ಮೀನುಗಳು ಬೆನ್ನು ಹೊರಗೆ ಹಾಕಿ ಹತ್ತುತ್ತಿದ್ದವು. ಸಮುದ್ರದಲ್ಲಿ ವರ್ಷಗಟ್ಟಲೆ ತಿರುಗಿ ಹುಟ್ಟಿದ ಜಾಗಕ್ಕೆ ಬಂದಿದ್ದವು. ಇವನು ಅವುಗಳನ್ನು ಕಂಡೂ ಕರುಬಿದ. ಈಟಿ ಎಸೆದ. ಕೊಕ್ಕೆ ತಿರುಗಿ ಸಿಕ್ಕಿಕೊಂಡಿತು. ದೊಡ್ಡ ಗಂಡು ಮೀನು. ದಡಕ್ಕೆ ಎಳೆದಾಗ ಅದು ಕಲ್ಲಿನ ಮೇಲೆ ಬಡಿದುಕೊಂಡಿತು. ಗುಡಿಸಲ ಕಡೆ ಏನೋ ಸದ್ದಾಯಿತು. ಬಾಗಿಲು ಸರಿಸಿದ ಹಾಗೆ. ಇಕೊರಾನ್ ವಿಲೋ ಕೋಲು ಕಡಿದುಕೊಂಡಿರಲಿಲ್ಲ. ಕೈಗೆ ಕಲ್ಲು ಸಿಕ್ಕಿತು. ಹೊಡೆದ. ಮತ್ತೆ ಹೊಡೆದ. ಯಾರನ್ನು ಹೊಡೆಯುತ್ತಿದ್ದೇನೆ ಎಂದು ಆ ಕೈಗೆ ಸರಿಯಾಗಿ ಗೊತ್ತಿತ್ತು.

ಮೈಬಟ್ಟೆಯೊಳಗೆ ಸುತ್ತಿಕೊಂಡು ಓಡಿದ.

ಅವ್ವ ಮೀನು ತೆಗೆದುಕೊಂಡಳು. ಬೆಳಕಿನ ಕಡೆ ಹಿಡಿದಳು. ತಲೆ ಜಜ್ಜಿಹೋಗಿತ್ತು. ಒಂದು ಕಣ್ಣು ಹೊರಗೆ ಬಂದಿತ್ತು.

"ಯಾತರಲ್ಲಿ ಹೊಡೆದೆ?"

ಇಕೊರಾನ್ ಈಟಿಯನ್ನು ಸೂರಿಗೆ ಸಿಕ್ಕಿಸಿದ.

"ಕಲ್ಲಲ್ಲಾ?"

"ಯಾರೋ ಬಂದ ಹಾಗಾಯ್ತು ಅವ್ವಾ. ಹೊತ್ತಿರ್ಲಿಲ್ಲ."

ಅವಳು ಮೀನನ್ನು ಹೊಸ ಚಾಪೆಯ ಮೇಲೆ ಮಲಗಿಸಿದಳು, ಹೆಣ ಮಲಗಿಸುವ ಹಾಗೆ. ದೇವರ ಮೀನು ನಂಟನ ಹಾಗೆ ಬರುತ್ತದೆ. ವಿಲೋ ಕೋಲಿನಲ್ಲಿ ಹೊಡೆದರೆ ಆ ಕೋಲನ್ನು ಉಡುಗೊರೆಯ ಹಾಗೆ ಕಚ್ಚಿಕೊಂಡು ನಗುತ್ತಾ ತನ್ನ ದೇವರ ಬಳಿಗೆ ಹಿಂದಿರುಗುತ್ತದೆ. ಕಲ್ಲಲ್ಲಿ ಹೊಡೆದರೆ ಅಳುತ್ತಾ ಹೋಗುತ್ತದೆ. ಅತ್ತ ಮೀನಿನ ಬಳಗ ಆ ಹೊಳೆಗೆ ಮತ್ತೆ ಬರುವುದಿಲ್ಲ. ಇದು ಹಟ್ಟಿಯ ಕೂಸಿಗೂ ಗೊತ್ತು.

"ನಾನಿದನ್ನ ಬೇಯಿಸಲ್ಲ" ಅಂದಳು. "ಹೊತ್ತು ಇಳಿಯೋದ್ರೊಳಗೆ ಎಲ್ಲಿ ಕೊಂದ್ಯೋ ಅಲ್ಲೇ ಹೋಗಿ ತಪ್ಪಾಯ್ತು ಅಂತ ಹೇಳಿ ನೀರಿಗೆ ಬಿಡು."

"ಹಗಲಲ್ಲಾ? ಗುಡಿಸಲ ಮುಂದೇನೇ? ಹಕೊದಾತೆಯಿಂದ ದೊಡ್ಡ ಅಧಿಕಾರಿ ಬಂದಿದ್ದಾನೆ ಅವ್ವಾ, ಹೊಳೆ ನೋಡೋಕೆ. ಹಿಡಿದು ಹಾಕ್ತಾರೆ."

"ಕದ್ದಿದ್ದಕ್ಕೆ ನಿನಗೆ ಭಯ. ಅದನ್ನ ಅಳಿಸಿದ್ದಕ್ಕೆ ನನಗೆ ಭಯ."

"ಯಾರಿಗೂ ಗೊತ್ತಾಗಲ್ಲ, ಬೇಯಿಸಿಬಿಡು."

"ಮೀನಿಗೆ ಗೊತ್ತಲ್ಲೋ!"

ಅವಳು ಕಿರುಚಿದ್ದು ಅವನು ಹುಟ್ಟಿದ ಮೇಲೆ ಅದೇ ಮೊದಲು. ಹೆಂಗಸು ದೇವರಿಗೆ ನಿವೇದಿಸುವ ಹಾಗಿಲ್ಲ, ಕೋಲು ಕೆತ್ತುವ ಹಾಗಿಲ್ಲ. ಇಲ್ಲದಿದ್ದರೆ ಅವಳೇ ಹೋಗುತ್ತಿದ್ದಳು. ಇಕೊರಾನ್ ಕೆಲಸಕ್ಕೆ ಹೋಗಲಿಲ್ಲ. ಚಾಕು ತೆಗೆದ. ವಿಲೋ ಕೊಂಬೆಯ ತೊಗಟೆ ಸುಲಿದ. ಎಳೆ ಎಳೆಯಾಗಿ ಹೆರೆದು ಸುರುಳಿಗಳನ್ನು ಇಳಿಬಿಟ್ಟ. ದೇವರಿಗೆ ಕೊಡುವ ಹೆರೆಗೋಲು.

ಮಟಮಟ ಮಧ್ಯಾಹ್ನ ಮೀನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಟ್ಟಿಯ ನಡುವೆ ನಡೆದ. ಹಿಂದೆ ಅವ್ವ. ಜನ ಬಾಗಿಲಿಗೆ ಬಂದರು. ಹಗಲಲ್ಲಿ, ಮುಚ್ಚಿಕೊಳ್ಳದೆ, ಮೀನು! ಒಬ್ಬೊಬ್ಬರೇ ಹಿಂದೆ ಸೇರಿದರು. ಯಾರೂ ಕರೆಯಲಿಲ್ಲ. ಹಿಂದಿನ ಸಂಜೆ ಬಾಯಿ ತೆರೆಸುವಾಗ ಸುತ್ರೆ ಕೊಟ್ಟಿಗೆ ಬಾಗಿಲಿನವನ ಬೆರಳು ಕಚ್ಚಿದ್ದಳು. ಅದಕ್ಕೆ ಕೊಟ್ಟಿಗೆಯಿಂದ ಹೊರಗೆ ಹಾಕಿದ್ದರು. ಅವಳೂ ಬಂದಳು.

"ಎಲ್ಲಿಗೋ ಮೆರವಣಿಗೆ?"

"ತಪ್ಪೊಪ್ಪಿಗೆಗೆ."

"ಅಯ್ಯೋ, ನಿನ್ನ ತಪ್ಪೆಲ್ಲ ಹೇಳ್ತಾ ಕೂತ್ರೆ ಹೊಳೆ ಹೆಪ್ಪುಗಟ್ಟತ್ತೆ" ಅಂದಳು. ಆದರೆ ಅವಳೂ ನಗಲಿಲ್ಲ.

*

ಹೊಳೆಯ ತಿರುವಿನಲ್ಲಿ ಅವನು ಮಂಡಿಯೂರಿದ. ಹೆರೆಗೋಲನ್ನು ಮರಳಿಗೆ ಚುಚ್ಚಿದ. ಮೇಲೆ ಗುಡಿಸಲಿನಿಂದ ಸಾನ್ಕುರ್ ಬಂದೂಕು ಹಿಡಿದು ಇಳಿದು ಬಂದ. ಮೀನು ನೋಡಿದ. ಅದರ ತಲೆ ನೋಡಿದ. ಬಂದೂಕಿನ ಮೂತಿ ತಾನಾಗಿ ಕೆಳಗಾಯಿತು.

ಮೀನಿಗೆ ಕಾರಣ ಹೇಳಬೇಕು. ಸುಳ್ಳು ಹೇಳುವ ಹಾಗಿಲ್ಲ. ಗಟ್ಟಿಯಾಗಿ ಹೇಳಬೇಕು.

"ದೇವರ ಮೀನೇ, ನೀನು ನಂಟನಾಗಿ ಬಂದೆ. ನಾನು ಕಲ್ಲಲ್ಲಿ ಹೊಡೆದೆ. ನನ್ನ ಹೊಟ್ಟೆಯಲ್ಲಿ ಬೆಂಕಿ ಇತ್ತು. ಅದು ನಿನ್ನ ಮೇಲಿನದಲ್ಲ. ನನ್ನ ತಮ್ಮನ ಮೇಲಿನದು. ಅವನ ಕೋಟು ನನಗೆ ಬೇಕಿತ್ತು. ಅವನು ಕೇಳಿದ ಹೆಣ್ಣು ನನಗೆ ಬೇಕಿತ್ತು. ನನ್ನ ಅವ್ವ ನನಗೊಬ್ಬನಿಗೇ ಬೇಕಿತ್ತು. ಅವನ ತಲೆಗೆ ಅಂತ ಎತ್ತಿದ ಕಲ್ಲು ನಿನ್ನ ತಲೆಗೆ ಬಿತ್ತು."

ಸುತ್ರೆ ತಲೆ ತಗ್ಗಿಸಿದಳು. ಸಾನ್ಕುರ್ ಮೆಲ್ಲಗೆ ಬಂದು ಪಕ್ಕದಲ್ಲಿ ಮಂಡಿಯೂರಿದ. ಟೋಪಿ ತೆಗೆದು ಮರಳ ಮೇಲಿಟ್ಟ.

"ಹೇಳೋ ಅಣ್ಣಾ, ಮುಂದೆ ಹೇಳು" ಅಂದ. "ಅರ್ಧಕ್ಕೆ ನಿಲ್ಲಿಸಬಾರದು."

ಮುಂದೆ ಹೇಳಲಾಗಲಿಲ್ಲ. ದಡದ ಮೇಲೆ ಬೂಟಿನ ಸದ್ದು. ಕುರಾಮೊಚಿ, ಹಕೊದಾತೆಯ ಅಧಿಕಾರಿ, ಹಿಂದೆ ಇಬ್ಬರು ಸಿಪಾಯಿಗಳು. ಅಧಿಕಾರಿಗೆ ವಯಸ್ಸಾಗಿರಲಿಲ್ಲ. ಹೊಸ ಕನ್ನಡಕ. ಅವನು ಮೀನು ನೋಡಿದ, ಮಂಡಿಯೂರಿದ ಕಾವಲಿನವನನ್ನು ನೋಡಿದ.

"ಇದೇನು? ಕಳ್ಳರ ಜೊತೆ ಪೂಜೆಗೆ ಕೂತಿದ್ದೀಯಾ?"

ಸಾನ್ಕುರ್ ಎದ್ದು ನಿಂತ. "ಕಳ್ಳತನ ಅಲ್ಲ ಸ್ವಾಮಿ. ನನ್ನ ಪಾಲಿನ ಮೀನು. ನಾನೇ ಕೊಟ್ಟಿದ್ದು."

ಇಕೊರಾನ್ ತಲೆ ಎತ್ತಿದ. ಇಲ್ಲೂ ಇವನೇ ಮುಂದೆ. ತಪ್ಪನ್ನೂ ತನ್ನ ಕೈಯಿಂದ ಕಿತ್ತುಕೊಂಡ. ಅವ್ವ ಸಾನ್ಕುರನನ್ನು ನೋಡುತ್ತಿದ್ದಳು, ಆ ನೋಟ ನೋಡಿ ಇವನ ಎದೆಯಲ್ಲಿ ಮತ್ತೆ ಅದೇ ಕೆಂಡ.

"ಕಾವಲಿನವನ ಪಾಲು ಅವನ ಒಲೆಗೆ ಮಾತ್ರ. ಬೇರೆಯವರಿಗೆ ಕೊಟ್ಟರೂ ಕಳ್ಳತನವೇ" ಎಂದ ಅಧಿಕಾರಿ, ಪಾಠ ಒಪ್ಪಿಸುವ ಹಾಗೆ. "ಕೋಟು ಬಿಚ್ಚಿಸಿ."

ಸಿಪಾಯಿಗಳು ಬಂದೂಕು ಕಿತ್ತುಕೊಂಡರು. ಕೋಟಿನ ತೋಳು ಹಿಡಿದು ಎಳೆದರು. ಒಂದು ಗುಂಡಿ ಹಾರಿ ನೀರಿಗೆ ಬಿತ್ತು. ಕೋಟಿನ ಒಳಗೆ ಸಾನ್ಕುರ್ ತೊಗಟೆ ನಾರಿನ ಹಳೇ ಅಂಗಿ ತೊಟ್ಟಿದ್ದ. ಬೆನ್ನಿನ ಮೇಲೆ ಅವ್ವ ಹಾಕಿದ ಮುಳ್ಳಿನ ಕಸೂತಿ. ಇಕೊರಾನನ ಅಪ್ಪನ ಅಂಗಿ. ದಳಪತಿಯನ್ನು ಹೊತ್ತ ಬೆನ್ನಿನ ಜಾಗ ಸವೆದು ತೂತಾಗಿತ್ತು. ಅವ್ವ ಅದನ್ನು ಇವನಿಗೆ ಕೊಟ್ಟಿರಲಿಲ್ಲ. ಅವನಿಗೆ ಕೊಟ್ಟಿದ್ದಳು.

ಕುರಾಮೊಚಿ ಕೋಟನ್ನು ಕೊಡವಿದ. ನೇರ ಬಂದು ಇಕೊರಾನನ ಹೆಗಲ ಮೇಲೆ ಹಾಕಿದ.

"ತಗೋ. ನಿನ್ನೆ ನನ್ನ ಜಗಲಿಗೆ ಬಂದು ಇದನ್ನೇ ತಾನೆ ಬೇಡಿದ್ದು? ಇವನನ್ನು ಹೊರಗೆ ಹಾಕಿ ನನಗೆ ಕೊಡಿ ಅಂತ?" ಎಲ್ಲರಿಗೂ ಕೇಳುವ ಹಾಗೆ ಅಂದ. "ಕೇಳಿಸ್ಕೊಳ್ರೋ, ನಿಮ್ಮವನೇ ಬೇಡಿದ್ದು. ನಾನಾಗಿ ಕೊಟ್ಟಿದ್ದಲ್ಲ."

ಹಟ್ಟಿಯವರು ಇಕೊರಾನನನ್ನು ನೋಡಿದರು. ಸಾನ್ಕುರ್ ನೋಡಿದ. ಸುತ್ರೆಯ ಬಾಯಿಂದ ಮಾತು ಬರಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

"ಮೀನು ಅವನೇ ಕೊಟ್ಟ ಅಂತ ನೀನೂ ಒಂದು ಮಾತು ಹೇಳಿಬಿಡು" ಎಂದ ಅಧಿಕಾರಿ. "ಸಾಕ್ಷಿ ಅಂತ. ಹೂಂ ಅಂದ್ರೂ ಸಾಕು. ಈ ಚಳಿಗಾಲಕ್ಕೆ ಹೊಳೆ ನಿನ್ನದು."

ಕೋಟು ಬೆಚ್ಚಗಿತ್ತು. ಸಾನ್ಕುರನ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಭಾರವೂ ಹಿತವಾಗಿತ್ತು. ಎಲ್ಲ ಭಾರವನ್ನೂ ಹಣೆಯಿಂದ ಹೊತ್ತವನಿಗೆ ಹೆಗಲ ಮೇಲೆ ಬಿದ್ದ ಮೊದಲ ಭಾರ ಅದು. ತೋಳು ಸರಿಯಾಗಿ ಮಣಿಕಟ್ಟಿನ ಹತ್ತಿರ ಇಳಿಬಿದ್ದಿತ್ತು. ಅವನಿಗೆ ಅದು ಬೇಕಾಗಿತ್ತು. ಈಗಲೂ ಬೇಕಾಗಿತ್ತು. ತನ್ನ 'ಹೂಂ' ಗಂಟಲವರೆಗೆ ಬಂದದ್ದು ಅವನಿಗೇ ಗೊತ್ತಾಯಿತು.

ಆಗ ಅವನು ಅವರ ಮುಖಗಳನ್ನು ನೋಡಿದ. ಕುರಾಮೊಚಿ ಬಾಯಿ ಅರ್ಧ ತೆರೆದು ಕಾಯುತ್ತಿದ್ದ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. ಈ ದೇಶಕ್ಕೆ ಬಾವುಟ ಇತ್ತು, ಹಡಗು ಇತ್ತು, ಕುದುರೆಯ ಮೇಲೆ ಕೂತ ಕಲ್ಲಿನ ದಳಪತಿ ಇದ್ದ. ಆದರೂ ಅದು ಇಲ್ಲಿ, ಈ ಮರಳ ಮೇಲೆ, ಒಬ್ಬ ಐನುವಿನ ಹೊಟ್ಟೆಕಿಚ್ಚಿಗೆ ಕೈಯೊಡ್ಡಿ ನಿಂತಿತ್ತು. ಅದು ಇಷ್ಟು ವರ್ಷ ತಿಂದದ್ದು ಮೀನನ್ನಷ್ಟೇ ಅಲ್ಲ.

ಇಕೊರಾನ್ ಹೆಗಲು ಕೊಡವಿದ. ಕೋಟು ಕೆಸರಿಗೆ ಬಿತ್ತು.

"ಕೊಂದವನು ನಾನು" ಅಂದ. ಅದನ್ನು ಅಧಿಕಾರಿಗೆ ಹೇಳಲಿಲ್ಲ. ಮೀನಿನ ಕಡೆ ತಿರುಗಿ, ನಿಂತುಹೋಗಿದ್ದ ಮಾತನ್ನು ಮುಗಿಸಿದ. "ಯಾರೂ ಕೊಟ್ಟಿದ್ದಲ್ಲ. ನಾನೇ ಹಿಡಿದೆ. ನಾನೇ ಕಲ್ಲಲ್ಲಿ ಕೊಂದೆ. ಅಳದೆ ಹೋಗು. ಹೋಗಿ, ಬೇಡಿದ್ದೂ ನಾನೇ ಅಂತ ಹೇಳು."

ಮೀನನ್ನು ಎತ್ತಿ ನೀರಿಗಿಟ್ಟ. ಅದು ಒಂದು ಸುತ್ತು ತಿರುಗಿ, ಬಿಳಿ ಹೊಟ್ಟೆ ತೋರಿಸಿ, ಸಮುದ್ರದ ಕಡೆ ತೇಲಿಹೋಯಿತು. ಇಕೊರಾನ್ ಎದ್ದು ನೀರಿಗಿಳಿದ. ಮೊಣಕಾಲವರೆಗೆ, ತೊಡೆಯವರೆಗೆ. ಮೇಲಕ್ಕೆ, ಬೆಟ್ಟದ ಕಡೆಗೆ, ನಡೆಯತೊಡಗಿದ.

"ಏಯ್! ಎಲ್ಲಿಗೋ?" ಕುರಾಮೊಚಿ ಕೂಗಿದ. "ಕೋಟು ಎತ್ತಿಕೋ! ತೊಳೆದು ಹಾಕ್ಕೋ! ಇನ್ನೊಂದು ಸಲ ಕೇಳಲ್ಲ ನಾನು!"

ಅವನು ನಡೆದ.

"ಲೋ ಕರಡಿ! ನಿನ್ನವ್ವ ಇಲ್ಲೇ ಇದ್ದಾಳೆ, ನೆನಪಿರಲಿ!"

"ಇದ್ದೀನಿ" ಅಂದಳು ಅವ್ವ. "ಅವನಿಗೆ ಗೊತ್ತಿದೆ. ನೀವು ನೆನಪಿಟ್ಕೊಳ್ಳಿ."

"ನಿಲ್ಲು!" ಈಗ ಅಧಿಕಾರಿಯ ದನಿ. ಅದರಲ್ಲಿ ಪಾಠದ ಸ್ವರ ಹೋಗಿತ್ತು. "ಯಾರ ಹೊಳೆಯಲ್ಲಿ ನಡೀತಿದ್ದೀಯ ಗೊತ್ತಾ? ಯಾರ ದೇಶ ಇದು? ಹೇಳು! ಯಾರ ದೇಶ?"

ಬಂದೂಕಿನ ಕುದುರೆ ಹಿಂದಕ್ಕೆ ಎಳೆದಿಟ್ಟ ಸದ್ದು ಕೇಳಿಸಿತು. ಹಟ್ಟಿಯವರು ಒಮ್ಮೆಗೇ ಏನೋ ಅಂದರು. ಯಾರೋ ನೀರಿಗೆ ಇಳಿದರು. ಸಾನ್ಕುರನೋ, ಸುತ್ರೆಯೋ, ಸಿಪಾಯಿಯೋ, ತಿರುಗಿ ನೋಡಿದರೆ ತಿಳಿಯುತ್ತಿತ್ತು.

ಅಧಿಕಾರಿ ಮತ್ತೆ ಅದನ್ನೇ ಕೇಳಿದ.

ನೀರು ಎದುರಿಗೆ ತಳ್ಳುತ್ತಿತ್ತು. ಇಕೊರಾನ್ ಮುಂದಿನ ಕಲ್ಲಿನ ಮೇಲೆ ಕಾಲು ಊರಿದ, ಜಾರುತ್ತದೆಯೇ ಎಂದು ನೋಡಿದ, ಇನ್ನೊಂದು ಕಾಲು ಎತ್ತಿದ.